ಗಂಡನ ಹೆಸರು ಹೇಳವಾ

ಇಳಕಲ್ಲಿನ ಖೈರುನಬಿ ಡಾಕ್ಟರ ದವಾಖಾನೆಗೆ ಮಕ್ಕಳಾಗಲಿಲ್ಲವೆಂದು ಮೊದಲ ಸಲ ಬರುವ ಹೆಂಗಸರು ಸೂಜಿಗಿಂತ ಹೆಚ್ಚಾಗಿ ಬಾಗಿಲಲ್ಲಿ ಕೂತ ಸಿದ್ದವ್ವನಿಗೆ ಹೆದರುತ್ತಾರೆ. ನೋಡಿದರೆ ಹೆದರುವಂಥದ್ದೇನೂ ಇಲ್ಲ. ಐವತ್ತು ದಾಟಿದ ಹೆಂಗಸು, ಹಣೆಗೆ ವಿಭೂತಿ, ಮೂಗಿನ ಮೇಲೆ ಜಾರುವ ಕನ್ನಡಕ, ಎದುರಿಗೊಂದು ಕಬ್ಬಿಣದ ಮೇಜು. ಬಂದವರಿಗೆ ಚೀಟಿ ಬರೆದುಕೊಡುವುದು ಆಕೆಯ ಕೆಲಸ. ಆದರೆ ಆ ಚೀಟಿಯ ಮೊದಲ ಸಾಲಿನಲ್ಲಿ ಗಂಡನ ಹೆಸರು ಬರಬೇಕು. ಅದನ್ನು ಹೆಂಡತಿಯೇ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಆ ಹೆಸರಿನ ಮನುಷ್ಯ ಎದ್ದು ಬಂದು ಮೇಜಿನ ಮುಂದೆ ನಿಲ್ಲಬೇಕು. ಮೊದಲ ತಪಾಸಣೆ ಅವನದು. ಅದು ಮುಗಿಯುವ ತನಕ ಹೆಂಡತಿಯ ಮೈಗೆ ಯಾರೂ ಕೈ ಹಚ್ಚುವಂತಿಲ್ಲ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಹಳಬರಷ್ಟೇ ಅಲ್ಲ, ಬಿ.ಎ. ಮುಗಿಸಿ ಮೊಬೈಲು ತಿಕ್ಕುವ ಹುಡುಗಿಯರೂ ಅತ್ತೆಯ ಎದುರು "ನಮ್ಮ ಮನ್ಯಾವ್ರು" ಎಂದು ದಾಟಿಸಿಬಿಡುತ್ತಾರೆ. ಹೇಳಲೇಬೇಕಾದರೆ ಒಡಪು ಹಾಕಿ ಹೇಳಬೇಕು. ಕುಬಸದ, ಅಂದರೆ ಸೀಮಂತದ, ಕಾರ್ಯದಲ್ಲಿ ನಾಲ್ಕು ಹೆಂಗಸರು ಸುತ್ತುಗಟ್ಟಿ ಕಾಡಿದಾಗ ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ನಡುವೆ ಹೆಸರನ್ನು ಸಿಕ್ಕಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು. ಬೇರೆ ಹೊತ್ತಿನಲ್ಲಿ ಯಾರಾದರೂ ಹೆಸರು ಎತ್ತಿದರೆ ತಲೆ ತಗ್ಗಿಸಿದರೆ ಸಾಕು, ಹೌದು ಎಂದು ಅರ್ಥ.

ಹೀಗೆ ತಲೆ ತಗ್ಗಿಸಿದ್ದಕ್ಕೆ ಸಿದ್ದವ್ವ ಏನು ತೆತ್ತಳು ಎಂಬುದನ್ನು ಹೇಳದಿದ್ದರೆ ಆಕೆಯ ಹಟ ಯಾರಿಗೂ ಅರ್ಥವಾಗುವುದಿಲ್ಲ.

ಆಕೆಯ ತವರು ಅಮೀನಗಡ. ಹದಿನೆಂಟಕ್ಕೆ ಹುನಗುಂದದ ಅಂದಾನಪ್ಪನಿಗೆ ಕೊಟ್ಟರು. ಬಜಾರಿನಲ್ಲಿ ಬೀಜ ಗೊಬ್ಬರದ ಅಂಗಡಿ, ಒಳ್ಳೆಯ ಮನೆ, ಮಾತಾಡುವ ಅತ್ತೆ. ಆರು ವರ್ಷ ಕಳೆದರೂ ಬಸಿರು ನಿಲ್ಲಲಿಲ್ಲ. ಮೈದುನ ವಿಜಯಮಹಾಂತೇಶ ಆಮೇಲೆ ಮದುವೆಯಾದವನು, ಅವನಿಗೆ ಆಗಲೇ ಒಂದು ಗಂಡು, ನೆಗೆಣ್ಣಿಗೆ ಮತ್ತೆ ಏಳು ತಿಂಗಳು. ಆ ಕುಬಸದ ದಿನ ಸಿದ್ದವ್ವ ಮುಂಜಾನೆಯಿಂದ ಹೋಳಿಗೆ ಬೇಯಿಸಿದಳು. ಉಡಿ ತುಂಬುವ ಹೊತ್ತಿಗೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, "ನೀ ಹೊರಗ ಬರಬ್ಯಾಡ, ಒಳಗ ಕುಂದರು" ಎಂದಳು. ಬಂಜೆಯ ಕೈಯ ಅಕ್ಕಿ ಬಸಿರಿಯ ಉಡಿಗೆ ಬೀಳಬಾರದಂತೆ. ಅದೇ ಕೈ ಬೇಯಿಸಿದ ಹೋಳಿಗೆ ಮಾತ್ರ ಎಲ್ಲರ ಎಲೆಗೂ ಬಿತ್ತು, ಎರಡೆರಡು ಸಲ ಬಿತ್ತು.

ಆಗಷ್ಟೇ ಇಳಕಲ್ಲಿಗೆ ಖೈರುನಬಿ ಬಂದಿದ್ದಳು. ಸೀರೆ ನೇಯುವ ಮುರ್ತುಜಸಾಬನ ಮಗಳು. ಅವಳ ತಾಯಿ ಜೈನಬಿ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದರಲ್ಲಿ ಓಣಿಗೇ ಹೆಸರಾದವಳು. ಒಂದು ಎಳೆ ತಪ್ಪಿದರೂ ಸೀರೆ ಕೆಟ್ಟಂತೆ. ಆ ಬೆರಳುಗಳು ಮಗಳಿಗೂ ಬಂದಿದ್ದವು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಕಲಿತು, ಅಲ್ಲೇ ಇರೆಂದವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಪ್ಪನ ಮಗ್ಗದ ಮನೆಯ ಮುಂದಿನ ಪಡಸಾಲೆಯಲ್ಲಿ ದವಾಖಾನೆ ತೆರೆದಳು. ಹೊಟ್ಟೆಯನ್ನು ಪೂರ್ತಿ ತೆರೆಯದೆ ದುರ್ಬೀನು ಇಳಿಸಿ ಗರ್ಭನಳಿಕೆ ನೋಡುವ ಯಂತ್ರವನ್ನು ಈ ನಾಲ್ಕು ತಾಲೂಕಿಗೆ ಮೊದಲು ತಂದವಳು ಅವಳೇ. ಮದುವೆಯಾಗಲಿಲ್ಲ. ತನಗೇ ಮಕ್ಕಳಿಲ್ಲದವಳು ಊರಿಗೆ ಮಕ್ಕಳು ಕೊಡುತ್ತಾಳಂತೆ ಎಂದು ಚಹದಂಗಡಿಯಲ್ಲಿ ನಕ್ಕವರು, ಮರುವಾರ ಹೆಂಡತಿಯನ್ನು ಕರೆದುಕೊಂಡು ಅದೇ ಪಡಸಾಲೆಯಲ್ಲಿ ಕೂತಿರುತ್ತಿದ್ದರು.

ಸಿದ್ದವ್ವನನ್ನು ಅತ್ತೆ ಕರೆತಂದಳು. ಡಾಕ್ಟರಬಾಯಿ ಮೊದಲು ಕೇಳಿದ್ದೇ ಗಂಡನ ವೀರ್ಯದ ತಪಾಸಣೆ. ಅಂದಾನಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಾ ಗಂಡಸು ಅದೇನಿ, ನಂದೇನ್ ನೋಡ್ತಾರ?" ಎಂದು ಅಂಗಡಿಗೆ ಹೋಗಿಬಿಟ್ಟ. ಅತ್ತೆ ಯೋಚನೆ ಮಾಡಿದಳು. ಮಕ್ಕಳಾದ ಮಗ ಒಬ್ಬ ಮನೆಯಲ್ಲಿದ್ದಾನಲ್ಲ! ಅಣ್ಣನ ಬದಲು ಚಿಕ್ಕ ಮಗನನ್ನು ಬಾಗಲಕೋಟೆಯ ಒಂದು ಲ್ಯಾಬಿಗೆ ಕಳಿಸಿದಳು. ಅವನೋ ಮಹಾ ಬುದ್ಧಿವಂತ. ಹೆಸರೇನು ಎಂದು ಲ್ಯಾಬಿನವರು ಕೇಳಿದ್ದಕ್ಕೆ ತನ್ನದೇ ಹೆಸರು ಬರೆಸಿ ಬಂದ. ಅತ್ತೆಗೆ ಓದಲು ಬರುತ್ತಿರಲಿಲ್ಲ.

ಖೈರುನಬಿ ರಿಪೋರ್ಟು ಬಿಡಿಸಿ ಓದಿದಳು. ಎಲ್ಲ ಸರಿಯಾಗಿತ್ತು, ಸರಿಗಿಂತ ಹೆಚ್ಚೇ ಇತ್ತು. ಚೀಟಿಗೆ ಬರೆದುಕೊಳ್ಳುತ್ತ, "ಗಂಡನ ಹೆಸರು ವಿಜಯಮಹಾಂತೇಶ, ಹೌದಲ್ಲವಾ?" ಎಂದು ಸಿದ್ದವ್ವನತ್ತ ನೋಡಿದಳು.

ಅತ್ತೆಯ ಮುಖ ಒಂದು ಗಳಿಗೆ ಬಿಳಿಚಿ ಮತ್ತೆ ಬಣ್ಣಕ್ಕೆ ಬಂತು. "ಹೂನ್ರಿ, ಅಕಿ ಗಂಡಂದ ಐತಿ" ಎನ್ನುತ್ತ ಮೇಜಿನ ಕೆಳಗೆ ಸೊಸೆಯ ತೊಡೆಯನ್ನು ಹಿಂಡಿದಳು. ಅಲ್ಲ ಎನ್ನಬೇಕಾದರೆ ಯಾರು ಎಂದು ಹೇಳಬೇಕು. ಯಾರು ಎಂದು ಹೇಳಬೇಕಾದರೆ ಅತ್ತೆಯ ಎದುರು ಗಂಡನ ಹೆಸರು ಬಾಯಿಗೆ ಬರಬೇಕು. ಇಪ್ಪತ್ನಾಲ್ಕು ವರ್ಷದ ಸಿದ್ದವ್ವ ತಲೆ ತಗ್ಗಿಸಿದಳು. ಇಳಕಲ್ಲಿನ ಓಣಿಯಲ್ಲೇ ಬೆಳೆದ ಖೈರುನಬಿಗೆ ಆ ತಗ್ಗಿಸಿದ ತಲೆಯ ಅರ್ಥ ಗೊತ್ತಿತ್ತು. ನಾಚಿಕೆ, ಹೌದು ಎಂದಂತೆ. ಹೊರಗಿನಿಂದ ಬಂದ ಡಾಕ್ಟರಾಗಿದ್ದರೆ ಇನ್ನೊಂದು ಸಲ ಕೇಳುತ್ತಿದ್ದಳೋ ಏನೋ. ನಮ್ಮವಳಾದ್ದರಿಂದಲೇ ಮೋಸ ಹೋದಳು.

ಗಂಡನಲ್ಲಿ ದೋಷವಿಲ್ಲವೆಂದ ಮೇಲೆ ಹೆಂಡತಿಯಲ್ಲಿ ಇರಲೇಬೇಕಲ್ಲ. ಮೊದಲು ದುರ್ಬೀನು ಇಳಿಸಿದಳು, ನಳಿಕೆಯ ಹತ್ತಿರ ಸಣ್ಣದೊಂದು ಅಂಟು ಕಂಡಿತು, ಬಿಡಿಸಿದಳು. ಎಂಟು ತಿಂಗಳಾದರೂ ಏನೂ ಆಗಲಿಲ್ಲ. ಎರಡನೆಯ ಸಲ ಹೊಟ್ಟೆಯನ್ನೇ ತೆರೆದಳು. ಆ ಗಾಯ ಒಳಗೆ ಕೀವಾಯಿತು, ಇಪ್ಪತ್ತೆರಡು ದಿನ ಜ್ವರ ಬಿಡಲಿಲ್ಲ. ಅಲ್ಲಿಯವರೆಗೆ ನೆಟ್ಟಗಿದ್ದ ನಳಿಕೆಗಳು ಆ ಜ್ವರದಲ್ಲಿ ನಿಜವಾಗಿಯೂ ಮುಚ್ಚಿಕೊಂಡವು.

ಜ್ವರ ಇಳಿದ ದಿನ ಮಧ್ಯಾಹ್ನ ಅತ್ತೆ ಊಟಕ್ಕೆಂದು ಹೊರಗೆ ಹೋಗಿದ್ದಳು. ಖೈರುನಬಿ ಹಾಸಿಗೆಯ ತುದಿಗೆ ಕೂತು, ಹುಡುಗಿಯ ಮುಖದ ಮೇಲೆ ಒಂದಿಷ್ಟು ನಗೆ ತರಿಸಬೇಕೆಂದು, "ಅಮೀನಗಡದಾಕಿ ಅದೀಯಲ್ಲ, ಒಂದು ಒಡಪು ಹಾಕಿ ಗಂಡನ ಹೆಸರ ಹೇಳು ನೋಡೂಣು" ಎಂದಳು.

ಸಿದ್ದವ್ವ ಬಾಗಿಲ ಕಡೆ ನೋಡಿದಳು, ಅತ್ತೆ ಇರಲಿಲ್ಲ. ಮದುವೆಯ ದಿನ ಬಾಗಿಲಲ್ಲಿ ಹೇಳಿದ್ದನ್ನೇ ಹೇಳಿದಳು.

"ಅಮೀನಗಡದ ಕರದಂಟು ತಿಂದಷ್ಟೂ ಸಿಹಿ, ಅಂದಾನಪ್ಪನ ಹೆಸರಿಗೆ ಎದಿಮ್ಯಾಲ ನನ್ನ ಸಹಿ."

ಖೈರುನಬಿ ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. "ಅಂದಾನಪ್ಪ? ಮತ್ತ ವಿಜಯಮಹಾಂತೇಶ ಯಾರು?"

"ನಮ್ಮ ಮೈದುನ್ರಿ."

ಡಾಕ್ಟರಬಾಯಿ ಎದ್ದು ಹೋಗಿ ಸಿದ್ದವ್ವನ ಚೀಟಿ ತಂದಳು. ಗಂಡನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: "ಈ ಹೆಣ್ಣುಮಗಳಿಗೆ ಯಾವ ದೋಷವೂ ಇರಲಿಲ್ಲ. ಎರಡು ಸಲ ಕೊಯ್ದವಳು ನಾನು. ತಪ್ಪು ನನ್ನದು." ಅದರ ಕೆಳಗೆ ಸಹಿ ಹಾಕಿದಳು. ಬರೆಯುವಾಗ ಅಳುತ್ತಿದ್ದಳು, ಆದರೆ ಅಕ್ಷರ ಅಲುಗಲಿಲ್ಲ.

ನಾಲ್ಕನೆಯ ದಿನ ಇಬ್ಬರೂ ಜೀಪಿನಲ್ಲಿ ಹುನಗುಂದಕ್ಕೆ ಹೋದರು. ಅಷ್ಟರಲ್ಲಿ ಊರು ಸೇರಿದ್ದ ಅತ್ತೆ ಒಳಗೆ ಕರೆಯಲಿಲ್ಲ. ಖೈರುನಬಿ ಕಟ್ಟೆಯ ಮುಂದೆ ನಿಂತು, ಓಣಿಯ ಎರಡೂ ತುದಿಗೆ ಕೇಳುವಂತೆ ಹೇಳಿದಳು. "ನಿಮ್ಮ ಸೊಸಿಗೆ ಏನೂ ಇದ್ದಿದ್ದಿಲ್ಲ. ನೀವು ಸುಳ್ಳ ಹೇಳಿದ್ರಿ, ನಾ ಕಣ್ಣ ಮುಚ್ಚಿ ನಂಬಿದೆ. ಕೆಡಿಸಿದವರು ನಾವಿಬ್ರು. ಈಗರೆ ಆ ಮನುಷ್ಯಾನ್ನ ತಪಾಸಣಿಗೆ ಕಳಸ್ರಿ."

"ಅವ ಮನ್ಯಾಗಿಲ್ಲ" ಎಂದಳು ಅತ್ತೆ. ಅವನ ಚಪ್ಪಲಿ ಮಾತ್ರ ಬಾಗಿಲಲ್ಲೇ ಇದ್ದವು.

ಚಪ್ಪಲಿ ನೋಡಿದ್ದೇ ಸಿದ್ದವ್ವನಿಗೆ ಏನಾಯಿತೋ. ಹೊಟ್ಟೆಯ ಹೊಲಿಗೆಯ ಮೇಲೆ ಒಂದು ಕೈ ಒತ್ತಿ ಹಿಡಿದು, ಒಡಪಿಲ್ಲ ಪ್ರಾಸವಿಲ್ಲ, ಕೊರಳು ಹರಿಯುವಂತೆ ಕೂಗಿದಳು.

"ಅಂದಾನಪ್ಪಾ! ಹೊರಗ ಬಾ!"

ಎದುರು ಮನೆಯ ಕಿಟಕಿಗಳು ತೆರೆದವು. ಹುನಗುಂದದ ಆ ಓಣಿಯಲ್ಲಿ ಹೆಂಡತಿಯೊಬ್ಬಳು ಗಂಡನನ್ನು ಬಾಯಿ ತುಂಬ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಂದಾನಪ್ಪ ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲಿ ಕಾಲಿಗೆ ಬುದ್ಧಿ ಹೇಳಿದ. ಸಿದ್ದವ್ವ ತಿರುಗಿ ಜೀಪು ಹತ್ತಿದಳು.

ಹಿರಿಯರ ಕೈಯಲ್ಲಿ ಮದುವೆ ಮುರಿಯುವ ಸೋಡಚೀಟಿ ಬಂತು, ಸಹಿ ಹಾಕಿ ಕಳಿಸಿದಳು. ಅಂದಾನಪ್ಪ ಬಸವೇಶ್ವರಿ ಎಂಬ ಹುಡುಗಿಯನ್ನು ಮಾಡಿಕೊಂಡ. ಆ ಮನೆಯಲ್ಲೂ ತೊಟ್ಟಿಲು ಕಟ್ಟಲಿಲ್ಲ. ಸುದ್ದಿ ತಂದವರು ಸಿದ್ದವ್ವ ನಗುತ್ತಾಳೆಂದು ಕಾದರು. ಆಕೆ ನಗಲಿಲ್ಲ. ಯಾವುದೋ ಕುಬಸದ ದಿನ ಅಡುಗೆಮನೆಯಲ್ಲಿ ಕೂತಿರಬಹುದಾದ ಆ ಹುಡುಗಿಯನ್ನು ನೆನೆದು ಮರುಗಿದಳು.

ದವಾಖಾನೆಯ ಬಾಗಿಲಿಗೆ ಮೇಜು ಬಂದು ಅದರ ಹಿಂದೆ ಸಿದ್ದವ್ವ ಕೂತದ್ದು ಸೋಡಚೀಟಿ ಬಂದ ವರ್ಷವೇ, ನಿಯಮ ಬಂದದ್ದೂ ಆ ವರ್ಷ. ಊರು ಸುಮ್ಮನಿರಲಿಲ್ಲ. ಗಂಡಸರ ಮಾನ ಕಳೆಯುವ ದವಾಖಾನೆ ಎಂದರು. ಹಿಂದೂ, ಮುಸ್ಲಿಂ ಎರಡೂ ಸಮಾಜದ ಹಿರಿಯರು, ಎಂದೂ ಒಂದು ಮಾತಿಗೆ ಬಾರದವರು, ಇದೊಂದಕ್ಕೆ ಒಟ್ಟಾಗಿ ಬಂದರು. ಗಂಡಸರಿಗಾಗಿ ಹಿತ್ತಲಲ್ಲಿ ಒಂದು ಬಾಗಿಲನ್ನಾದರೂ ಇಡಿ ಎಂದು ಕೇಳಿದರು. ಖೈರುನಬಿ ಚಹ ತರಿಸಿಕೊಟ್ಟು ಹೇಳಿದಳು. "ಇಷ್ಟ ವರ್ಷ ನಿಮ್ಮ ಹೆಣ್ಮಕ್ಕಳು ಎಲ್ಲಾರ ಕಣ್ಣೆದುರಿಗೆ ಮುಂದಿನ ಬಾಗಲದಿಂದ ಬಂದಾರ. ಅವರ ಮಾನ ಎಲ್ಲಿ ಇಟ್ಟಿದ್ರಿ? ನಂದು ಒಂದ ಬಾಗಲಾ."

ಒಂದೇ ಬಾಗಿಲು ಉಳಿಯಿತು. ಮೊದಮೊದಲು ಗಂಡಸರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಂದರು. ಆಮೇಲೆ ಟವೆಲು ಹೆಗಲಿಗೆ ಇಳಿಯಿತು. ಅರ್ಧಕ್ಕರ್ಧ ಮನೆಗಳಲ್ಲಿ ದೋಷ ಗಂಡನಲ್ಲೂ ಇದ್ದದ್ದು ಗೊತ್ತಾಯಿತು, ಎಷ್ಟೋ ಜನಕ್ಕೆ ಔಷಧಿಯಿಂದಲೇ ವಾಸಿಯಾಯಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ನಳಿಕೆಗಳನ್ನು ಖೈರುನಬಿ ತನ್ನ ತಾಯಿ ಎಳೆ ಕೂಡಿಸಿದಂತೆ ಕೂಡಿಸಿದಳು. ಹಿಂದಿನ ಜಾಗ ಕೊಂಡು ಟೆಸ್ಟ್ ಟ್ಯೂಬ್ ಶಿಶುವಿನ ಲ್ಯಾಬು ಕಟ್ಟಿಸಿದಳು. ಬಾದಾಮಿಯಿಂದ, ಬಾಗಲಕೋಟೆಯ ನವನಗರದಿಂದ ಜನ ಬಂದರು. ಅಷ್ಟೂ ಹೆಂಗಸರ ಗಂಡಂದಿರ ಹೆಸರನ್ನು ಸಿದ್ದವ್ವನೇ ಬರೆದುಕೊಂಡಳು. ನಾಚುವವರಿಗೆ, "ಒಡಪು ಹಾಕಿ ಹೇಳವಾ, ನಾ ಬರಕೋತೇನಿ" ಎನ್ನುತ್ತಿದ್ದಳು. ಹೊರಗೆ ಕೂತವರೆಲ್ಲ ನಗುತ್ತಿದ್ದರು, ಹೇಳಿದವಳೂ ನಗುತ್ತಿದ್ದಳು.

ಇವರಿಬ್ಬರೂ ಅಕ್ಕತಂಗಿಯರಂತೆ ಇದ್ದರು ಎಂದು ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಒಂದು ಸಲ ಖೈರುನಬಿ ಕೇಳಿದ್ದಳು, "ನನ್ನ ಮಾಫ್ ಮಾಡಿಯೇನ ಸಿದ್ದವ್ವ?"

"ಇಲ್ರಿ ಬಾಯಾರ. ಮಾಫ್ ಮಾಡಿದ್ರ ನೀವು ಮರೀತೀರಿ."

ಖೈರುನಬಿ ತಲೆಯಾಡಿಸಿ ಒಳಗೆ ಹೋದಳು. ಮತ್ತೆಂದೂ ಕೇಳಲಿಲ್ಲ, ಮರೆಯಲೂ ಇಲ್ಲ. ಹೋದ ವರ್ಷ ರಂಜಾನ್ ಮುಗಿದ ವಾರ ತೀರಿಕೊಂಡಳು. ಸಿದ್ದವ್ವ ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಂದು ಮೇಜು ಒರೆಸಿ ಕೂತಳು.

ಈಗ ದವಾಖಾನೆ ನೋಡಿಕೊಳ್ಳುವವನು ಖೈರುನಬಿಯ ತಮ್ಮನ ಮಗ, ಅವಳನ್ನು ಫುಪ್ಪು ಎಂದು ಕರೆಯುತ್ತಿದ್ದ ಡಾಕ್ಟರ್ ನವೀದ. ಕೆಟ್ಟವನಲ್ಲ, ಕೈ ಚೆನ್ನಾಗಿದೆ. ಆದರೆ ಊರಿನ ದೊಡ್ಡವರ ಎದುರು ಅವನ ಬೆನ್ನು ಸ್ವಲ್ಪ ಬೇಗ ಬಾಗುತ್ತದೆ. ಹೈವೇ ಪಕ್ಕ ಹೊಸ ಆಸ್ಪತ್ರೆ ಮಾಡಬೇಕೆಂಬ ಆಸೆ ಅವನಿಗೆ. ಅದಕ್ಕೆ ಬೇಕಾದ ಕಟ್ಟಡ ಗ್ರಾನೈಟಿನ ಜಾಫರಸಾಬನದು.

ಕಳೆದ ತಿಂಗಳು ಒಂದು ಸೋಮವಾರ ಆ ಜಾಫರಸಾಬನೇ ಸೊಸೆ ತಬಸುಮಳನ್ನು ಕರೆದುಕೊಂಡು ಬಂದ. ಹುಡುಗಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಕೈಯಲ್ಲಿದ್ದ ಹೊಳೆಯುವ ಫೈಲನ್ನು ಜಾಫರಸಾಬ ಮೇಜಿನ ಮೇಲಿಟ್ಟ. "ಮಗಂದು ರಿಪೋರ್ಟ್ ಇದರಾಗ ಐತಿ. ಎಲ್ಲಾ ಚಲೋ ಐತಿ. ಇಕಿ ಚೀಟಿ ಬರಿ."

ಸಿದ್ದವ್ವ ಫೈಲು ತೆರೆಯಲಿಲ್ಲ. "ಗಂಡನ ಹೆಸರು ಹೇಳವಾ."

ತಬಸುಮ ತಲೆ ತಗ್ಗಿಸಿದಳು. ಆ ಬಗ್ಗಿದ ಕುತ್ತಿಗೆ ನೋಡಿ ಸಿದ್ದವ್ವನ ಹೊಟ್ಟೆಯ ಹಳೆಯ ಹೊಲಿಗೆ ಚುಳ್ಳೆಂದಿತು.

"ಫೈಲಿನ ಮ್ಯಾಲ ಬರದೈತಲ್ಲ" ಎಂದ ಜಾಫರಸಾಬ.

"ಫೈಲಿಗೆ ಮದುವಿ ಆಗಿಲ್ಲಲ್ರಿ ಸಾಹುಕಾರ್ರ. ಅಕಿ ಹೇಳಬೇಕು, ಅವರು ಬರಬೇಕು. ಮೊದಲಿಗೆ ಗಂಡನ ಚೀಟಿ."

ಗಲಾಟೆ ಕೇಳಿ ನವೀದ ಒಳಗಿನಿಂದ ಬಂದ. ಜಾಫರಸಾಬನನ್ನು ಕಂಡದ್ದೇ ಅವನ ದನಿ ಮೆತ್ತಗಾಯಿತು. "ಸಿದ್ದಕ್ಕಾ, ಬರೀರಿ. ರಿಪೋರ್ಟ್ ಐತಲ್ಲ. ಇವತ್ತ ಒಂದಿನ."

"ಒಂದಿನಾನೂ ಇಲ್ಲ."

"ನಾ ಹೇಳಾಕತ್ತೇನಿ, ಬರೀರಿ. ಇಲ್ಲಾಂದ್ರ ಕುರ್ಚಿ ಬಿಡ್ರಿ, ಬ್ಯಾರೆದವರು ಬರೀತಾರ. ಫುಪ್ಪು ಕಾಲ ಮುಗೀತು. ಅವರ ನಿಯಮಾ ಅವರ ಜೋಡಿ ಹೋತು."

ಸಿದ್ದವ್ವನ ಕಣ್ಣಿನಲ್ಲಿ ನೀರು ಬಂತು, ಸಿಟ್ಟಿನ ನೀರು. ಮೇಜಿನ ಖಾನೆ ಎಳೆದು, ತಳದಲ್ಲಿದ್ದ ಹಳದಿಯಾದ ಚೀಟಿಯೊಂದನ್ನು ತೆಗೆದು ಅವನ ಕೈಗೆ ಕೊಟ್ಟಳು. "ಈ ನಿಯಮಾ ನಿಮ್ಮ ಫುಪ್ಪೂದು ಅಂತ ಯಾರ ಹೇಳಿದ್ರು? ಇದು ನಂದು. ನನ್ನ ಹೊಟ್ಟಿ ಕೊಟ್ಟು ತಗೊಂಡೇನಿ. ಓದ್ರಿ."

ನವೀದ ಓದಿದ. ಕೆಂಪು ಗೀಟು, ಅದರ ಕೆಳಗಿನ ಸಾಲುಗಳು, ಕೊನೆಗೆ ತನ್ನ ಫುಪ್ಪುವಿನ ಸಹಿ. ಮತ್ತೆ ಮೊದಲಿನಿಂದ ಓದಿದ. ಈ ಮಾತನ್ನು ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

ಜಾಫರಸಾಬನಿಗೆ ತಾಳ್ಮೆ ತಪ್ಪಿತು. "ಏ ಬಾಯಿ, ನೀ ಯಾರು ನನ್ನ ಮನಿ ವಿಚಾರ ಕೇಳಾಕ? ನಿನಗ ಮಕ್ಕಳೆಷ್ಟು?"

ಬಾಗಿಲಲ್ಲಿ ಕೂತ ಇಪ್ಪತ್ತು ಜನರೂ ತಿರುಗಿ ನೋಡಿದರು. ಸಿದ್ದವ್ವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಒಂದೂ ಇಲ್ರಿ. ಅದಕ್ಕ ಕೇಳಾಕತ್ತೇನಿ."

ಆಗ ತಬಸುಮ, ತಲೆಯನ್ನು ಇನ್ನೂ ಪೂರ್ತಿ ಎತ್ತದೆ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಜಹೀರ ಅಂತ್ರಿ ಹೆಸರು. ಹೊರಗ ಕಾರಿನಾಗ ಕುಂತಾರ."

ಯಾರೋ ಒಬ್ಬಾಕೆ ಕಿಸಕ್ಕನೆ ನಕ್ಕಳು. ಜಾಫರಸಾಬನ ಕಿವಿ ಕೆಂಪಾದವು. ಸಿದ್ದವ್ವ ಚೀಟಿಯ ಹಲಗೆ, ಪೆನ್ನು ಎತ್ತಿಕೊಂಡು ಹೊರಟಳು. ತಡೆಯುವನೇನೋ ಎಂದು ನವೀದನತ್ತ ಒಮ್ಮೆ ನೋಡಿದಳು. ಅವನು ಹಳದಿ ಚೀಟಿ ಹಿಡಿದುಕೊಂಡೇ ಹೋಗಿ ಬಾಗಿಲಿನ ಎರಡೂ ಕದ ತೆರೆದು ಹಿಡಿದ. "ನಿಯಮಾ ಅಂದ್ರ ನಿಯಮಾ, ಚಾಚಾ" ಎಂದ.

ಬೇವಿನ ಮರದ ಕೆಳಗೆ ಬಿಳಿ ಕಾರು ನಿಂತಿತ್ತು. ಸಿದ್ದವ್ವ ಬೆರಳ ಗೆಣ್ಣಿನಿಂದ ಗಾಜು ತಟ್ಟಿದಳು. ಗಾಜು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗಿದ್ದವನು ಹೆದರಿದ ಹುಡುಗನಂತಿದ್ದ, ಹಣೆಯೆಲ್ಲ ಬೆವರು.

"ಇಳೀರಿ ಜಹೀರಣ್ಣ. ಇಲ್ಲಿ ಯಾರೂ ನಿಮ್ಮನ್ನ ತಿನ್ನೂದಿಲ್ಲ. ಚಪ್ಪಲಿ ಹಾಕ್ಕೊಂಡ ಬರ್ರಿ."

ಅವನು ಇಳಿದ. ಅಂಗಳ ದಾಟಿ, ಮುಂದಿನ ಬಾಗಿಲಿನಿಂದ, ಎಲ್ಲರ ಕಣ್ಣೆದುರಿಗೆ ಬಂದು ಮೇಜಿನ ಮುಂದೆ ನಿಂತ. ಸಿದ್ದವ್ವ ಕನ್ನಡಕ ಏರಿಸಿ ಮೊದಲ ಸಾಲಿನಲ್ಲಿ ಅವನ ಹೆಸರು ಬರೆದಳು. ಎರಡನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು.

"ಹೆಂಡತಿ ಹೆಸರು?"

ಜಹೀರ ಅಪ್ಪನ ಕಡೆ ನೋಡಿದ, ನೆಲ ನೋಡಿದ. "ಅದು... ನಮ್ಮ ಮನ್ಯಾಗಿನವರು..." ಎಂದು ತೊದಲಿ, ಥೇಟು ಹೆಂಡತಿಯಂತೆಯೇ ತಲೆ ತಗ್ಗಿಸಿದ.

"ತಲಿ ಎತ್ರಿ" ಎಂದಳು ಸಿದ್ದವ್ವ. "ಹೆಸರು ಹೇಳ್ರಿ."

"ತಬಸುಮ" ಎಂದ ಅವನು.

ಮದುವೆಯಾಗಿ ಮೂರು ವರ್ಷದಲ್ಲಿ ಗಂಡನ ಬಾಯಿಂದ ನಾಲ್ಕು ಜನರೆದುರು ತನ್ನ ಹೆಸರು ಕೇಳಿದ್ದು ಅದೇ ಮೊದಲು. ಆ ಹುಡುಗಿ ತಲೆ ಎತ್ತಿದಳು. ಸಿದ್ದವ್ವ ಆ ಹೆಸರನ್ನು ಬರೆದು, ತಪ್ಪಿಲ್ಲವೆಂದು ಇಬ್ಬರಿಗೂ ಓದಿ ಹೇಳಿದಳು.